ಗಾಜಿನ ಪೆಟ್ಟಿಗೆಯ ಹಾವು ಮತ್ತು ಶ್ರಾವಕನ ವ್ರತ

ಮಂಡ್ಯದ ವಿ.ಸಿ. ಫಾರಂ ಸುತ್ತಮುತ್ತಲ ಗದ್ದೆಬಯಲಿನಲ್ಲಿ ಭತ್ತದ ಕೊಯ್ಲು ನಡೆಯುವ ದಿನಗಳಲ್ಲಿ ಕೇರೆಹಾವು ಕಣ್ಣಿಗೆ ಬೀಳುವುದು ವಿಶೇಷವೇನಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ಬೆಳೆದ ಪೈರು ಮಾಗಿ, ಕುಯಿಲಿನವರು ಒಂದು ಅಂಚಿನಿಂದ ಒಳಸರಿಯುತ್ತಿದ್ದಂತೆ, ಗದ್ದೆಯ ನಡುವೆ ಉಳಿದ ಪೈರಿನೊಳಕ್ಕೆ ಇಲಿಗಳು ಸರಿಯುತ್ತವೆ. ಕೊನೆಯ ಹಿಡಿ ಕುಯ್ದಾಗ ಅವು ದಿಕ್ಕಾಪಾಲಾಗಿ ಬದುವಿನತ್ತ ಓಡುತ್ತವೆ. ಬದುವಿನ ಬಿಲದ ಬಾಯಲ್ಲಿ ಕೇರೆ ಕಾದಿರುತ್ತದೆ. ಒಂದು ಇಲಿ ಹೋಯಿತು, ಹಾವಿನ ನಡುಮೈ ಉಬ್ಬಿತು, ಅಷ್ಟೇ. ಕುಡುಗೋಲು ಹಿಡಿದವರು ಅದನ್ನು ಒಂದು ಗಳಿಗೆ ನೋಡಿ ಮತ್ತೆ ಬಾಗುತ್ತಾರೆ. ಆ ಇಲಿಯ ಸಾವಿಗೂ ಅವರಿಗೂ ಯಾವ ಸಂಬಂಧವೂ ಇಲ್ಲ. ಅವರು ಅದನ್ನು ಬಯಸಲಿಲ್ಲ, ಮಾಡಿಸಲಿಲ್ಲ, ಮೆಚ್ಚಿ ಕೈತಟ್ಟಲೂ ಇಲ್ಲ.

ಇದೇ ದೃಶ್ಯವನ್ನು ನೂರು ಕಿಲೋಮೀಟರು ಆಚೆಗೆ, ಬೆಂಗಳೂರಿನ ಒಂದು ಮನೆಯ ಮಹಡಿಗೆ ಒಯ್ದು ನೋಡಬೇಕು. ಅಲ್ಲಿ ಗದ್ದೆಯಿಲ್ಲ, ಗಾಜಿನ ಪೆಟ್ಟಿಗೆಯಿದೆ. ಬಿಸಿಲಿನ ಬದಲು ಶಾಖ ಕೊಡುವ ದೀಪ, ಬಿಲದ ಬದಲು ಪ್ಲಾಸ್ಟಿಕ್ ಗುಹೆ. ಒಳಗೆ ಪಶ್ಚಿಮ ಆಫ್ರಿಕದ ಹುಲ್ಲುಗಾಡಿನ ಸಣ್ಣ ಹೆಬ್ಬಾವು. ಭಯವಾದಾಗ ಚೆಂಡಿನಂತೆ ಸುರುಳಿ ಸುತ್ತಿಕೊಳ್ಳುವುದರಿಂದ ಅದಕ್ಕೆ ಬಾಲ್ ಪೈಥಾನ್ ಎಂಬ ಹೆಸರು. ಹದಿನೈದು ದಿನಕ್ಕೊಮ್ಮೆ ಇಕ್ಕಳದ ತುದಿಯಲ್ಲಿ ಒಂದು ಇಲಿ ಅದರ ಮುಂದೆ ತೂಗುತ್ತದೆ. ಹಾವು ಅದೇ ಜಾತಿಯ ಜೀವ, ಇಲಿಯೂ ಅದೇ ಜಾತಿಯ ಜೀವ, ನುಂಗುವ ಕ್ರಿಯೆಯೂ ಅದೇ. ಆದರೆ ಜೈನಾಗಮದ ದೃಷ್ಟಿಯಲ್ಲಿ ಈ ಎರಡು ದೃಶ್ಯಗಳು ಒಂದೇ ಅಲ್ಲ. ಏಕೆ ಅಲ್ಲ ಎಂಬುದನ್ನು ಈಚಿನ ಕೆಲವು ವರ್ಷಗಳ ವಿದ್ಯಮಾನಗಳ ಬೆಳಕಿನಲ್ಲಿ ವಿಚಾರಿಸಬೇಕಾಗಿದೆ. ಏಕೆಂದರೆ ಹಾವು ಸಾಕುವ ಹವ್ಯಾಸ ಈಗ ಎಲ್ಲೋ ವಿದೇಶದ ಸುದ್ದಿಯಾಗಿ ಉಳಿದಿಲ್ಲ. ವಿದ್ಯಾವಂತ ತರುಣರ ಮನೆಗಳನ್ನು, ಅವರಲ್ಲಿ ಬಸದಿಗೆ ಹೋಗುವ ಕುಟುಂಬಗಳ ಮಕ್ಕಳೂ ಇರಬಹುದು, ಅದು ಮುಟ್ಟುತ್ತಿದೆ.

2023ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ನಡೆದ ಎರಡು ಪ್ರಕರಣಗಳನ್ನು ಓದುಗರು ಮರೆತಿರಲಾರರು. ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಪೆಟ್ಟಿಗೆಯಲ್ಲಿ 234 ವನ್ಯಜೀವಿಗಳು ಸಿಕ್ಕವು. ಹಾವು, ಆಮೆ, ಊಸರವಳ್ಳಿ, ಮೊಸಳೆ ಜಾತಿಯ ಮರಿಗಳ ನಡುವೆ ಒಂದು ಕಾಂಗರೂ ಮರಿ ಉಸಿರುಗಟ್ಟಿ ಸತ್ತಿತ್ತು. ಸೆಪ್ಟೆಂಬರ್‌ನಲ್ಲಿ, ಮತ್ತೆ ಬ್ಯಾಂಕಾಕ್‌ನಿಂದಲೇ ಬಂದ ಸಾಮಾನಿನಲ್ಲಿ, 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು ಮತ್ತು 6 ಕಪುಚಿನ್ ಕೋತಿಗಳು ದೊರೆತವು. ಹಾವುಗಳು ಬದುಕಿದ್ದವು, ಕೋತಿಗಳು ಆರೂ ಸತ್ತಿದ್ದವು. 55 ಹಾವುಗಳು ನಾನಾ ಬಣ್ಣದವು. ಕಾಡಿನಲ್ಲಿ ಇಲ್ಲದ ಬಣ್ಣಗಳನ್ನು ತಳಿ ಬೆರೆಸಿ ಪಡೆಯುವುದು ಈ ವ್ಯಾಪಾರದ ಒಂದು ಭಾಗ, ಬಣ್ಣ ಅಪರೂಪವಾದಷ್ಟೂ ಬೆಲೆ ಹೆಚ್ಚು.

ಕೊಳ್ಳುವವರಿಲ್ಲದೆ ತರುವವರಿಲ್ಲ. ಈ ಅರಿವಿನಿಂದಲೇ ಕೇಂದ್ರ ಸರ್ಕಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ತಂದು, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. 2024ರ ಫೆಬ್ರುವರಿ 28ರಂದು ಪ್ರಕಟವಾದ ನಿಯಮಗಳ ಪ್ರಕಾರ, ಅಂಥ ಜೀವಿಗಳನ್ನು ಇಟ್ಟುಕೊಂಡವರು ಆರು ತಿಂಗಳೊಳಗೆ ಸರ್ಕಾರದ ಪೋರ್ಟಲ್‌ನಲ್ಲಿ ವಿವರ ಸಲ್ಲಿಸಿ ನೋಂದಾಯಿಸಬೇಕಾಗಿತ್ತು. ಮರಿಯಾದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. ನಾಗರ, ಕೇರೆ, ಹೆಬ್ಬಾವು ಮೊದಲಾದ ನಮ್ಮದೇ ನೆಲದ ಹಾವುಗಳನ್ನು ಹಿಡಿದು ಮನೆಯಲ್ಲಿಡುವುದು ಮೊದಲಿನಿಂದಲೂ ಅಪರಾಧವೇ. ಕಾನೂನು ಇಷ್ಟನ್ನು ಮಾಡಿದೆ. ಆದರೆ ಅದು ಕೇಳುವುದು ಹಾವು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು. ಹಾವು ಏನು ತಿನ್ನುತ್ತದೆ, ಅದನ್ನು ಯಾರು ಒದಗಿಸುತ್ತಾರೆ ಎಂಬ ಪ್ರಶ್ನೆಯನ್ನು ಶ್ರಾವಕನೇ ತನಗೆ ಕೇಳಿಕೊಳ್ಳಬೇಕು.

ಹಾವಿನ ಆಹಾರದ ವಿಷಯದಲ್ಲಿ ಮರೆಮಾಚುವಂಥದ್ದೇನೂ ಇಲ್ಲ. ಲೋಕದಲ್ಲಿ ಸಸ್ಯಾಹಾರಿ ಹಾವು ಎಂಬುದೊಂದಿಲ್ಲ. ನಾಯಿಗೆ ಅನ್ನ ಮೊಸರು ಕಲಸಿ ಹಾಕಿ ಸಾಕಿದಂತೆ ಹಾವನ್ನು ಸಾಕಲಾಗದು. ಅದಕ್ಕೆ ಜಗಿಯುವ ಹಲ್ಲಿಲ್ಲ, ಹರಿದು ತಿನ್ನುವ ಕ್ರಮವಿಲ್ಲ, ಇಡೀ ಪ್ರಾಣಿಯನ್ನು ತಲೆಯಿಂದ ಬಾಲದವರೆಗೆ ನುಂಗಬೇಕು. ನುಂಗಿದ ಮೂಳೆಯಿಂದ ಸುಣ್ಣದಂಶ, ಯಕೃತ್ತಿನಿಂದ ಜೀವಸತ್ವ, ಮಾಂಸದಿಂದ ಬಲ ಬರುತ್ತದೆ. ಬರಿಯ ಮಾಂಸದ ತುಂಡು ಕೊಟ್ಟರೆ ಕಾಲಕ್ರಮದಲ್ಲಿ ಅದರ ಎಲುಬು ಕೆಡುತ್ತದೆ. ಮೀನುಣ್ಣುವ ಹಾವುಗಳಿಗೆ ಕೆಲವು ಬಗೆಯ ಮೀನನ್ನೇ ಸದಾ ಕೊಟ್ಟರೆ ಬಿ1 ಜೀವಸತ್ವದ ಕೊರತೆಯಾಗಿ ನರಗಳು ಕುಗ್ಗುತ್ತವೆ. ಆದ್ದರಿಂದ ಸಾಕುವವರ ನಡುವೆ ಈಗ ನಡೆದಿರುವ ಚರ್ಚೆ, ಒಂದೇ ಬಗೆಯ ಇಲಿ ಸಾಕೇ, ಬೇರೆ ಬೇರೆ ಪ್ರಾಣಿಗಳನ್ನು ಕೊಡಬೇಕೇ ಎಂಬುದು. ಬಿಳಿ ಇಲಿ, ಹುಟ್ಟಿ ಎರಡು ಮೂರು ದಿನವಾದ ಕೂದಲಿಲ್ಲದ ಇಲಿಮರಿ, ಕೋಳಿಮರಿ, ಗೌಜಲಕ್ಕಿ, ದೊಡ್ಡ ಹಾವಾದರೆ ಮೊಲ. ಊಟದ ಪಟ್ಟಿ ಹೀಗೆ ಬೆಳೆಯುತ್ತದೆ. ಹಾವಿನ ಆರೋಗ್ಯದ ದೃಷ್ಟಿಯಿಂದ ಈ ಚರ್ಚೆ ಅಪ್ರಾಮಾಣಿಕವಾದುದಲ್ಲ. ತಾನು ಸಾಕಿದ ಜೀವಕ್ಕೆ ಕೊರತೆಯಾಗಬಾರದೆಂಬ ಕಳಕಳಿ ಅದರಲ್ಲಿದೆ. ಆದರೆ ಆ ಕಳಕಳಿ ಒಂದು ಜೀವವನ್ನು ಮಗುವಿನಂತೆ ಕಾಣುತ್ತಲೇ, ಇತರ ಜೀವಗಳನ್ನು ಅಂಗಡಿಯ ಸಾಮಾನಿನಂತೆ ಎಣಿಸುತ್ತದೆ.

ಲೆಕ್ಕವನ್ನೂ ಹಾಕಿ ನೋಡಬಹುದು. ಬಾಲ್ ಪೈಥಾನ್ ಪೆಟ್ಟಿಗೆಯೊಳಗೆ 20ರಿಂದ 30 ವರ್ಷ ಬದುಕುತ್ತದೆ. ಮರಿಯಾಗಿದ್ದಾಗ ವಾರಕ್ಕೊಂದು ಇಲಿ, ಬೆಳೆದ ಮೇಲೆ ಹದಿನೈದು ದಿನಕ್ಕೊಂದು ಎಂದು ಇಟ್ಟುಕೊಂಡರೂ ವರ್ಷಕ್ಕೆ 24, ಇಪ್ಪತ್ತು ವರ್ಷಕ್ಕೆ 480. ಹದಿನೆಂಟರ ಹುಡುಗ ಹುಟ್ಟುಹಬ್ಬಕ್ಕೆಂದು ತಂದ ಹಾವು, ಅವನ ಮಗ ಶಾಲೆಗೆ ಹೋಗುವ ಕಾಲಕ್ಕೂ ಇಲಿ ಬೇಡುತ್ತಿರುತ್ತದೆ. ಇನ್ನು ಆ ಪೆಟ್ಟಿಗೆಯಲ್ಲಿ ಸಿಕ್ಕ 17 ಕಾಳಿಂಗಗಳ ಮಾತು ಬೇರೆಯೇ. ಕಾಳಿಂಗದ ಮುಖ್ಯ ಆಹಾರ ಹಾವುಗಳೇ. ಅದನ್ನು ಕೊಂಡವನು ಕೇರೆಯನ್ನೋ ಮತ್ತೊಂದನ್ನೋ ಹಿಡಿಸಿ ತರಿಸದೆ ಸಾಕಲಾರ. ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, 2024ರಲ್ಲಿ ವಿಜ್ಞಾನಿಗಳು ಅದಕ್ಕೆ ಕನ್ನಡದ ‘ಕಾಳಿಂಗ’ ಎಂಬ ಹೆಸರನ್ನೇ ಇಟ್ಟರು. ಕನ್ನಡಿಗರು ಹೆಮ್ಮೆಪಡಬಹುದಾದ ವಿಷಯ. ಆಗುಂಬೆಯ ಮಳೆಕಾಡಿನಲ್ಲಿ ಅದು ಏನನ್ನು ತಿಂದರೂ ಯಾವ ಶ್ರಾವಕನ ವ್ರತಕ್ಕೂ ಭಂಗವಿಲ್ಲ.

ಹಾಗಾದರೆ ಭಂಗ ಎಲ್ಲಿ ಹುಟ್ಟುತ್ತದೆ? ಜೈನಾಚಾರ್ಯರು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಅಡುಗೆ, ಮನೆವಾರ್ತೆಯಲ್ಲಿ ತಪ್ಪದೆ ಆಗುವ ಆರಂಭೀ ಹಿಂಸೆ, ಕೃಷಿ ವಾಣಿಜ್ಯಗಳಲ್ಲಿ ಆಗುವ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆ, ಮತ್ತು ಕೊಲ್ಲಬೇಕೆಂಬ ಸಂಕಲ್ಪದಿಂದಲೇ ಮಾಡುವ ಸಂಕಲ್ಪೀ ಹಿಂಸೆ. ಮೊದಲ ಮೂರನ್ನು ಗೃಹಸ್ಥ ಪೂರ್ತಿ ಬಿಡಲಾರ, ಕಡಿಮೆ ಮಾಡಿಕೊಳ್ಳಬಲ್ಲ. ನಾಲ್ಕನೆಯದನ್ನು ಅವನು ಬಿಡಲೇಬೇಕು. ಅಹಿಂಸಾಣುವ್ರತದ ತಿರುಳೇ ಅದು. ಇಲಿ ಒಂದು ಸಂಜ್ಞೀ ಪಂಚೇಂದ್ರಿಯ ಜೀವ, ಮನಸ್ಸುಳ್ಳದ್ದು, ಭಯ ಬಲ್ಲದ್ದು. ಅದನ್ನು ಇಂಥ ದಿನ, ಇಂಥ ಹೊತ್ತಿಗೆ, ಇಂಥ ಹಾವಿಗೆ ಎಂದು ಗೊತ್ತುಮಾಡಿ ಕೊಡುವುದು ಯಾವ ಕಡೆಯಿಂದ ನೋಡಿದರೂ ಸಂಕಲ್ಪವೇ. ಅಡುಗೆಯ ಒಲೆಯಲ್ಲಿ ಕಾಣದೆ ಸತ್ತ ಕ್ರಿಮಿಯೊಡನೆ ಅದನ್ನು ತೂಗಲಾಗದು.

“ಕೊಂದದ್ದು ನಾನಲ್ಲ” ಎಂಬ ಉತ್ತರ ಇಲ್ಲಿ ಬರುತ್ತದೆ. ಈಗ ಹೆಚ್ಚಿನವರು ಜೀವಂತ ಇಲಿಯನ್ನು ಕೊಡುವುದಿಲ್ಲ, ಮೊದಲೇ ಕೊಂದು ಹೆಪ್ಪುಗಟ್ಟಿಸಿದ್ದನ್ನು ತಂದು, ಬೆಚ್ಚಗಿನ ನೀರಿನಲ್ಲಿ ಕರಗಿಸಿ ಕೊಡುತ್ತಾರೆ. ಜೀವಂತ ಇಲಿ ಹೆದರಿ ಹಾವನ್ನೇ ಕಚ್ಚಿ ಗಾಯ ಮಾಡುವುದುಂಟು, ಇಲಿಗೂ ಸಂಕಟ ಹೆಚ್ಚು. ಆದ್ದರಿಂದ ಪಶುವೈದ್ಯರು ಹೇಳುವ ಈ ರೀತಿ ಕ್ರೌರ್ಯವನ್ನು ಕಡಿಮೆ ಮಾಡುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಪಾಪವನ್ನು ಅದು ಅಳಿಸುತ್ತದೆಯೇ? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಜೀವದ ಆಶ್ರಯದಿಂದ ಆಗುವ ಆಸ್ರವವನ್ನು 108 ಬಗೆಯಾಗಿ ಎಣಿಸುತ್ತದೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು, ಮನ ವಚನ ಕಾಯಗಳೆಂದು ಮೂರು, ತಾನು ಮಾಡುವ ಕೃತ, ಮಾಡಿಸುವ ಕಾರಿತ, ಒಪ್ಪುವ ಅನುಮತ ಎಂದು ಮೂರು, ಕ್ರೋಧ ಮಾನ ಮಾಯೆ ಲೋಭಗಳೆಂದು ನಾಲ್ಕು. ಗುಣಿಸಿದರೆ ಜಪಮಾಲೆಯ ಮಣಿಗಳಷ್ಟೇ ಸಂಖ್ಯೆ ಬರುತ್ತದೆ.

ಈ ಲೆಕ್ಕವನ್ನು ಅನೇಕರು ಬಾಯಿಪಾಠವಾಗಿ ಒಪ್ಪಿಸುತ್ತಾರೆ, ಒಂದು ನಿಜವಾದ ಕೆಲಸದ ಮೇಲೆ ಅದನ್ನು ಇಟ್ಟು ನೋಡುವವರು ಕಡಿಮೆ. ಗಾಜಿನ ಪೆಟ್ಟಿಗೆಯ ಮುಂದೆ ಇಟ್ಟು ನೋಡಿದರೆ ಅದು ಒಮ್ಮೆಲೇ ಜೀವ ತಳೆಯುತ್ತದೆ. ಮುಂದಿನ ಭಾನುವಾರ ಊಟ ಕೊಡಬೇಕು ಎಂದುಕೊಳ್ಳುವುದು ಸಂರಂಭ. ಅಂಗಡಿಗೆ ಹೇಳಿ, ಹಣ ಕೊಟ್ಟು, ತಂದು ಶೀತಪೆಟ್ಟಿಗೆಯಲ್ಲಿಡುವುದು ಸಮಾರಂಭ. ಕೊಡುವುದು ಆರಂಭ. ಕೊಂದವನು ಅಂಗಡಿಯವನಾದರೆ ಕೊಂಡವನು ಕಾರಿತದಲ್ಲಿ ನಿಂತ. ಪಕ್ಕದಲ್ಲಿ ನಿಂತು “ಎಷ್ಟು ಚೆನ್ನಾಗಿ ನುಂಗಿತು” ಎಂದ ತಂಗಿಯೂ ಅನುಮತದಲ್ಲಿ ನಿಂತಳು. ಕೋಪದಿಂದ ಇದನ್ನು ಮಾಡುವವರು ಯಾರೂ ಇರಲಾರರು ಎನ್ನೋಣ, ಆದರೆ ಯಾರಲ್ಲೂ ಇಲ್ಲದ ಹಾವು ತನ್ನಲ್ಲಿದೆ ಎಂಬ ಮಾನ? ಇನ್ನೊಂದು ಬಣ್ಣದ್ದೂ ಬೇಕೆಂಬ ಲೋಭ? ಅಪ್ಪ ಅಮ್ಮನಿಗೆ ತಿಳಿಯದಂತೆ ಹೆಪ್ಪುಗಟ್ಟಿದ ಇಲಿಯ ಪೊಟ್ಟಣವನ್ನು ಶೀತಪೆಟ್ಟಿಗೆಯ ಮೂಲೆಯಲ್ಲಿ ಬಚ್ಚಿಡುವ ಮಾಯೆ? ಹಾಲು ಮೊಸರು ಇಡುವ ಪೆಟ್ಟಿಗೆಯಲ್ಲೇ ಅದೂ ಇರುತ್ತದೆಂಬುದು ಬೇರೆ ಸಂಗತಿ.

ಜನ್ನ ಕವಿ 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯನ್ನು ಓದಿದವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಯಶೋಧರ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅಲ್ಲಿ ರಕ್ತವಿರಲಿಲ್ಲ, ಸಂಕಲ್ಪವಿತ್ತು. ಅಷ್ಟಕ್ಕೇ ತಾಯಿಯೂ ಮಗನೂ ಭವಭವಗಳಲ್ಲಿ ನವಿಲು, ನಾಯಿ, ಮೀನು, ಮೊಸಳೆಗಳಾಗಿ ತೊಳಲಿದರು. ತಾಯಿ ಚಂದ್ರಮತಿ ಒಂದು ಭವದಲ್ಲಿ ಹಾವೇ ಆಗಿ ಹುಟ್ಟಿದಳು. ಹಿಟ್ಟಿನ ಕೋಳಿಯೇ ಇಷ್ಟು ದೂರ ಎಳೆದೊಯ್ದರೆ, ನಿಜವಾದ ಇಲಿಯನ್ನು ತಾನು ಕೊಲ್ಲಲಿಲ್ಲವೆಂಬ ಸಮಾಧಾನಕ್ಕೆ ಎಷ್ಟು ಬೆಲೆ?

ಪ್ರಾಣಿಗಳನ್ನು ಸಾಕುವುದರ ಬಗೆಗೇ ಆಚಾರ್ಯರು ನೇರವಾಗಿ ಹೇಳಿದ್ದಾರೆ ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಪ್ರಯೋಜನವಿಲ್ಲದೆ ಮಾಡುವ ಪಾಪಕ್ಕೆ ಅನರ್ಥದಂಡ ಎಂದು ಹೆಸರು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅದನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದಾಗಿ ಹೇಳಿದರು. ಸ್ವಾಮಿ ಕಾರ್ತಿಕೇಯರು ತಮ್ಮ ಅನುಪ್ರೇಕ್ಷೆಯ ಗ್ರಂಥದಲ್ಲಿ ಈ ಅನರ್ಥದಂಡಕ್ಕೆ ಉದಾಹರಣೆ ಕೊಡುವಾಗ ಆಯುಧಗಳನ್ನು ಮಾರುವುದರ ಜೊತೆಯಲ್ಲೇ ಬೆಕ್ಕು ಮೊದಲಾದವನ್ನು ಸಾಕುವುದನ್ನು ಸೇರಿಸಿದ್ದಾರೆ. ಅಂದರೆ ಹಿಂಸೆಯಿಂದಲೇ ಬದುಕಬೇಕಾದ ಪ್ರಾಣಿಯನ್ನು ವಿನೋದಕ್ಕಾಗಿ ಮನೆಯಲ್ಲಿಟ್ಟುಕೊಳ್ಳುವುದು ಮತ್ತೊಬ್ಬರ ಕೈಗೆ ಕತ್ತಿ ಕೊಟ್ಟದ್ದಕ್ಕೆ ಸಮಾನ. ಶ್ವೇತಾಂಬರ ಪರಂಪರೆಯಲ್ಲಿ 12ನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಶ್ರಾವಕನಿಗೆ ಸಲ್ಲದ ಹದಿನೈದು ಕಸುಬುಗಳನ್ನು ಎಣಿಸಿದರು. ಅವುಗಳಲ್ಲಿ ಅಸತೀಪೋಷಣ ಒಂದು. ಬೆಕ್ಕು, ನಾಯಿ, ಕೋಳಿಗಳಂಥವನ್ನು ಸಾಕಿ ಬೆಳೆಸುವುದು ಅದರಲ್ಲಿ ಸೇರುತ್ತದೆ. ಹಾವಿಗಾಗಿ ಇಲಿಗಳನ್ನು ಸಾಲುಸಾಲು ಡಬ್ಬಿಗಳಲ್ಲಿ ಬೆಳೆಸಿ ಮಾರುವ ಇಂದಿನ ಕಸುಬು ಅವರ ಕಾಲದಲ್ಲಿ ಇರಲಿಲ್ಲ. ಇದ್ದಿದ್ದರೆ ಅದನ್ನು ಯಾವ ಸಾಲಿಗೆ ಸೇರಿಸುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ.

ಬೆಕ್ಕಿನ ಮಾತು ಬಂದದ್ದರಿಂದ ಒಂದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ದವಸದ ಮಳಿಗೆಯುಳ್ಳ ಜೈನ ಮನೆಗಳಲ್ಲಿ ಬೆಕ್ಕು ಇಲ್ಲದ್ದು ಕಡಿಮೆ. ಅದಕ್ಕೆ ಹಾಲು ಅನ್ನ ಹಾಕಿ ಕಣ್ಣು ಮುಚ್ಚಿದರೆ, ರಾತ್ರಿ ಅದು ಮಾಡುವ ಕೆಲಸ ಮನೆಯವರ ಲೆಕ್ಕಕ್ಕೆ ಬಾರದೆಂದು ಹಿರಿಯರು ನಂಬಿದ್ದರು. ಮಕ್ಕಳು ಇಂದು ಹಾವಿನ ಪೆಟ್ಟಿಗೆಯನ್ನು ತಂದಿಟ್ಟಾಗ ಆ ಹಳೆಯ ಬೆಕ್ಕನ್ನು ತೋರಿಸಿ ಪ್ರಶ್ನೆ ಕೇಳಿದರೆ, ಅವರ ಪ್ರಶ್ನೆ ತಪ್ಪಲ್ಲ. ಉತ್ತರ ಕೊಡಬೇಕಾದವರು ಹಿರಿಯರೇ.

ಇನ್ನು ಕೆಲವರು ದಯೆಯ ಹೆಸರಿನಲ್ಲಿ ಮತ್ತೊಂದು ತಪ್ಪಿಗೆ ಜಾರುತ್ತಾರೆ. ಹಾವಿಗೆ ಹಾಲು, ಮೊಟ್ಟೆ ಕೊಟ್ಟು ಸಾಕಿದರಾಯಿತು, ಇಲಿಯೇಕೆ ಬೇಕು ಎನ್ನುತ್ತಾರೆ. ಮೊಟ್ಟೆಯೂ ಜೀವವೇ ಎಂಬುದು ಹಾಗಿರಲಿ, ಹಾಲು ಹಾವಿನ ಆಹಾರವೇ ಅಲ್ಲ. ನಾಗರಪಂಚಮಿಯ ಹೊತ್ತಿಗೆ ಹಾವಾಡಿಗರ ಬುಟ್ಟಿಯಲ್ಲಿ ಬಾಯಾರಿ ಬಳಲಿದ ಹಾವು ನೀರೆಂದು ಅದನ್ನು ಕುಡಿಯುವುದುಂಟು, ಕುಡಿದು ಕಾಯಿಲೆ ಬೀಳುವುದೂ ಉಂಟು. ಒಲ್ಲದ ಆಹಾರ ಕೊಡುವುದು, ತಕ್ಕ ಆಹಾರ ತಪ್ಪಿಸುವುದು ಎರಡೂ ಒಂದೇ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧ ಮೊದಲನೆಯದು, ಅನ್ನಪಾನನಿರೋಧ ಕೊನೆಯದು. ಗಾಜಿನ ಪೆಟ್ಟಿಗೆಯಲ್ಲಿ ಕೂಡಿಹಾಕುವುದು ಬಂಧ. ಇಲಿ ಕೊಡಲು ಮನಸ್ಸೊಪ್ಪದೆ ಹಾವನ್ನು ಹಸಿವಿನಲ್ಲಿ ಬಿಡುವುದು ಅನ್ನಪಾನನಿರೋಧ. ಕೊಟ್ಟರೆ ಇಲಿಯ ಹಿಂಸೆ, ಕೊಡದಿದ್ದರೆ ಹಾವಿನ ಹಿಂಸೆ. ಈ ಇಕ್ಕಟ್ಟು ಕರ್ಮ ತಂದದ್ದಲ್ಲ, ಅಂಗಡಿಯಿಂದ ತಂದದ್ದು.

ಪುರಾಣದಲ್ಲಿ ಮಹಾವೀರ ಸ್ವಾಮಿಯ ಜೀವ ಹಿಂದೊಂದು ಭವದಲ್ಲಿ ಸಿಂಹವಾಗಿದ್ದಾಗ, ಮುನಿಗಳ ಉಪದೇಶದಿಂದ ಪ್ರತಿಬೋಧಗೊಂಡು ಮಾಂಸವನ್ನು ಬಿಟ್ಟು, ನಿರಾಹಾರವಾಗಿಯೇ ದೇಹ ಬಿಟ್ಟಿತೆಂಬ ಕಥೆಯಿದೆ. ಅದನ್ನು ಮುಂದಿಟ್ಟು, ಪ್ರಾಣಿಗೂ ವ್ರತ ಕೊಡಬಹುದಲ್ಲವೇ ಎನ್ನುವವರುಂಟು. ಸಂಜ್ಞೀ ಪಂಚೇಂದ್ರಿಯ ತಿರ್ಯಂಚ ಐದನೆಯ ಗುಣಸ್ಥಾನದವರೆಗೆ ಏರಬಲ್ಲದೆಂಬುದು ಆಗಮದ ಮಾತೇ. ಆದರೆ ಆ ಸಿಂಹ ತಾನೇ ಬಿಟ್ಟಿತು. ಅದರ ಬೋನಿನ ಬೀಗದ ಕೈ ಯಾರ ಜೇಬಿನಲ್ಲೂ ಇರಲಿಲ್ಲ. ಬೇರೊಬ್ಬರು ಹೇರಿದ ಉಪವಾಸ ವ್ರತವಾಗದು, ಶಿಕ್ಷೆಯಾಗುತ್ತದೆ.

ಹಾವಿನ ಮೇಲೆ ಜೈನರಿಗೆ ದ್ವೇಷವಿದ್ದು ಈ ಮಾತು ಬರುತ್ತಿಲ್ಲ. ದ್ವೇಷವಿರಲು ಸಾಧ್ಯವೂ ಇಲ್ಲ. ಪಾರ್ಶ್ವನಾಥ ಸ್ವಾಮಿಯ ತಲೆಯ ಮೇಲೆ ಹೆಡೆ ಎತ್ತಿ ನಿಂತದ್ದು ಹಾವೇ. ತಾಪಸನೊಬ್ಬ ಪಂಚಾಗ್ನಿಗೆಂದು ಸೀಳುತ್ತಿದ್ದ ಕೊರಡಿನೊಳಗೆ ಹಾವಿನ ಜೋಡಿಯಿದೆಯೆಂದು ರಾಜಕುಮಾರ ಪಾರ್ಶ್ವ ಅವಧಿಜ್ಞಾನದಿಂದ ಅರಿತು ತಡೆದ, ಮಾತು ಕೇಳದೆ ಕೊಡಲಿ ಬಿತ್ತು. ಸಾಯುತ್ತಿದ್ದ ಆ ಎರಡು ಜೀವಗಳು ಅವನಿಂದ ಧರ್ಮವಚನ ಕೇಳಿ ಧರಣೇಂದ್ರ ಪದ್ಮಾವತಿಯರಾದರು. ಶ್ರವಣಬೆಳಗೊಳದ ಗೊಮ್ಮಟನ ಕಾಲ ಬಳಿಯ ಹುತ್ತಗಳಿಂದ ಹಾವುಗಳು ಇಣುಕುವುದನ್ನು ಶಿಲ್ಪಿ ಸಾವಿರ ವರ್ಷಕ್ಕೂ ಹಿಂದೆಯೇ ಕಡೆದಿಟ್ಟಿದ್ದಾನೆ. ಆ ಹಾವುಗಳು ಬಾಹುಬಲಿಯ ಸ್ವತ್ತಲ್ಲ. ಅವು ಬಂದವು, ಹುತ್ತ ಕಟ್ಟಿದಲ್ಲಿ ನೆಲೆಸಿದವು. ಅವನು ಕದಲಲಿಲ್ಲ. ಹಾವು ಮತ್ತು ಮನುಷ್ಯ ಹೇಗೆ ಪಕ್ಕಪಕ್ಕದಲ್ಲಿ ಇರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಚಿತ್ರ ಬೇಕಿಲ್ಲ. ಪ್ರೀತಿಸುವುದಕ್ಕೆ ಒಡೆತನ ಬೇಕೇ ಬೇಕೆಂಬ ಭ್ರಮೆ ಪರಿಗ್ರಹದ ಒಂದು ರೂಪ. ಪ್ರಾಣಿಯೂ ಪರಿಗ್ರಹವೇ ಎಂಬುದನ್ನು ಶ್ರಾವಕಾಚಾರಗಳು ಸ್ಪಷ್ಟವಾಗಿ ಹೇಳಿವೆ.

ಕಾನೂನೂ ಒಂದು ಕಡೆ ಈ ನೆಲೆಯ ಹತ್ತಿರಕ್ಕೆ ಬಂದಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮು, ಕೇವಲ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಮತ್ತೊಂದಕ್ಕೆ ಬೇಟೆಯಾಗುವಂತೆ ಕೂಡಿಹಾಕುವುದನ್ನು ಕ್ರೌರ್ಯವೆಂದು ಎಣಿಸುತ್ತದೆ. ಜೀವಂತ ಇಲಿಯನ್ನೋ ಕೋಳಿಮರಿಯನ್ನೋ ಹಾವಿನ ಪೆಟ್ಟಿಗೆಗೆ ಬಿಟ್ಟು, ಅದು ನಡುಗುವುದನ್ನು ಮೊಬೈಲಿನಲ್ಲಿ ಚಿತ್ರಿಸಿ ಹಂಚುವವರು ಈ ಕಲಮನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಅದನ್ನು ನೋಡಿ ನಲಿಯುವವರಿಗೆ ಕಾನೂನಿನ ತೊಡಕಿಲ್ಲದಿರಬಹುದು, ದುಃಶ್ರುತಿ ಮತ್ತು ಅಪಧ್ಯಾನದ ತೊಡಕು ಇದ್ದೇ ಇದೆ. ಮಕ್ಕಳ ಕೈಯಲ್ಲಿ ಇಂಥ ಚಿತ್ರಗಳು ಸುಲಭವಾಗಿ ಸಿಗುತ್ತಿರುವುದು ಹಾವು ಸಾಕುವವರ ಸಂಖ್ಯೆಗಿಂತ ಹೆಚ್ಚು ಚಿಂತೆಗೀಡುಮಾಡುವ ವಿಷಯ.

ಎಲ್ಲ ಸೆರೆಯೂ ಒಂದೇ ತೂಕದ್ದಲ್ಲ ಎಂಬುದನ್ನೂ ಹೇಳಬೇಕು. ಗಾಯಗೊಂಡ ಹಾವನ್ನು ಗುಣವಾಗುವವರೆಗೆ ಅರಣ್ಯ ಇಲಾಖೆಯವರು ಇಟ್ಟುಕೊಂಡು ಆಹಾರ ಕೊಡುವುದಕ್ಕೂ, ತಮಿಳುನಾಡಿನ ಇರುಳರ ಸಹಕಾರ ಸಂಘ ಹಾವುಗಳನ್ನು ಕೆಲವು ವಾರ ಇರಿಸಿಕೊಂಡು ವಿಷ ತೆಗೆದು ಮತ್ತೆ ಬಿಡುವುದಕ್ಕೂ, ಮನೆಯ ಅಲಂಕಾರಕ್ಕೆ ಬಣ್ಣದ ಹಾವು ಸಾಕುವುದಕ್ಕೂ ಅಂತರವಿದೆ. ಇರುಳರು ತೆಗೆದ ವಿಷದಿಂದ ಹಾವು ಕಡಿತಕ್ಕೆ ಔಷಧಿ ತಯಾರಾಗುತ್ತದೆ. ಅದರಲ್ಲೂ ಹಿಂಸೆಯ ಅಂಶವಿದೆ, ಆದರೆ ಪ್ರಯೋಜನವೂ ಇದೆ. ಅನರ್ಥದಂಡವೆಂಬ ಹೆಸರಿನಲ್ಲೇ ಈ ವಿವೇಕ ಅಡಗಿದೆ.

ಆ ಔಷಧಿಯ ಬೆಲೆ ವಿ.ಸಿ. ಫಾರಂ ಕಡೆಯವರಿಗೆ ಚೆನ್ನಾಗಿ ಗೊತ್ತು. ಕಬ್ಬಿನ ತರಗು ಸುಲಿಯುವಾಗ, ರಾತ್ರಿ ನೀರು ಕಟ್ಟಲು ಹೋದಾಗ, ಹುಲ್ಲಿನ ಮೆದೆಗೆ ಕೈ ಹಾಕಿದಾಗ ಕೊಳಕುಮಂಡಲವೋ ನಾಗರವೋ ಕಡಿದರೆ, ಆಸ್ಪತ್ರೆಗೆ ಸೇರುವವರೆಗಿನ ಪ್ರತಿ ನಿಮಿಷವೂ ಮುಖ್ಯ. ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಮಂದಿ ಹಾವು ಕಡಿತದಿಂದ ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. 2024ರ ಫೆಬ್ರುವರಿಯಲ್ಲಿ, ವಿದೇಶಿ ಪ್ರಾಣಿಗಳ ನಿಯಮ ಹೊರಬಿದ್ದ ಅದೇ ತಿಂಗಳಲ್ಲಿ, ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಂದೇ ತಿಂಗಳಲ್ಲಿ ಎರಡು ಆದೇಶಗಳು. ಒಂದು ಹಾವನ್ನು ಹಣ ಕೊಟ್ಟು ತರಿಸಿಕೊಂಡವರಿಗೆ, ಇನ್ನೊಂದು ಹಾವನ್ನು ಕರೆಯದೆಯೇ ಎದುರುಗೊಂಡವರಿಗೆ.

ರೈತನ ಇಕ್ಕಟ್ಟು ಗಾಜಿನ ಪೆಟ್ಟಿಗೆಯವನ ಇಕ್ಕಟ್ಟಿಗಿಂತ ನಿಜವಾದುದು. ಗದ್ದೆಯ ಇಲಿ ತೆನೆಯನ್ನು ಕತ್ತರಿಸಿ ಬಿಲದೊಳಗೆ ಕೂಡಿಡುತ್ತದೆ, ಕಬ್ಬಿನ ಬುಡ ಕೊರೆಯುತ್ತದೆ, ಬದು ತೂತುಮಾಡಿ ನೀರು ಸೋರಿಸುತ್ತದೆ. ಇಲಿಯಿದ್ದಲ್ಲಿಗೆ ಹಾವು ಬರುತ್ತದೆ. ಹೆಣ್ಣಿಲಿ ಮೂರು ವಾರ ಹೊತ್ತು ಮರಿಹಾಕಬಲ್ಲದು, ಆದ್ದರಿಂದ ಒಂದನ್ನು ಕೊಂದರೆ ಮುಗಿಯುವ ಜಗಳವೂ ಅಲ್ಲ. ಜಿಂಕ್ ಫಾಸ್ಫೈಡ್, ಬ್ರೋಮಡಿಯೋಲೋನ್ ಬೆರೆಸಿದ ತಿಂಡಿಯನ್ನು ಬಿಲದ ಬಾಯಿಗೆ ಇಡುವ ರೂಢಿ ಎಲ್ಲೆಡೆ ಇದೆ. ವಿಷ ತಿಂದ ಇಲಿಯನ್ನು ಹಿಡಿದ ಗೂಬೆಗೂ ಆ ವಿಷ ತಟ್ಟುವುದುಂಟು. ಇದು ಉದ್ಯೋಗೀ ಹಿಂಸೆ, ಪೂರ್ತಿ ತಪ್ಪಿಸಲಾಗದ್ದು ಎಂದು ಶಾಸ್ತ್ರ ಒಪ್ಪುತ್ತದೆ. ಆದರೆ ಒಪ್ಪಿದ್ದನ್ನೇ ರಜೆಯೆಂದು ತಿಳಿಯಬಾರದು. ಗದ್ದೆಯ ಬದುವನ್ನು ಕಿರಿದಾಗಿಸಿದರೆ ಇಲಿಗೆ ಬಿಲ ತೋಡಲು ಜಾಗ ಕಡಿಮೆ, ಕಳೆ ತೆಗೆದಿಟ್ಟರೆ ಅಡಗಲು ಮರೆ ಕಡಿಮೆ, ಅಕ್ಕಪಕ್ಕದವರು ಒಟ್ಟಿಗೆ ನಾಟಿ ಮಾಡಿದರೆ ಒಬ್ಬನ ಹೊಲದಿಂದ ಇನ್ನೊಬ್ಬನ ಹೊಲಕ್ಕೆ ಅದು ವರ್ಷವಿಡೀ ಉಣ್ಣುತ್ತ ಸಾಗಲಾರದು. ಗೂಬೆ ಕೂರಲೆಂದು ಗದ್ದೆಯಲ್ಲಿ ಅಡ್ಡಪಟ್ಟಿಯ ಕೋಲು ನೆಡಬಹುದು. ಇವೆಲ್ಲ ಕೃಷಿ ವಿಜ್ಞಾನಿಗಳು ರೈತರಿಗೆ ಹೇಳುತ್ತ ಬಂದಿರುವ ಮಾತುಗಳೇ. ಹುಟ್ಟಿದ ಮೇಲೆ ಕೊಲ್ಲುವುದಕ್ಕಿಂತ ನೆಲೆ ಸಿಗದಂತೆ ಮಾಡುವುದು ಅಲ್ಪಹಿಂಸೆಯ ದಾರಿ. ಕೇರೆಹಾವನ್ನು ಕಂಡಲ್ಲಿ ಕೋಲು ಎತ್ತದಿರುವುದೂ ಅದರಲ್ಲಿ ಸೇರಿದೆ.

ಉಳಿದಿರುವುದು ಕಷ್ಟದ ಪ್ರಶ್ನೆ. ಈಗಾಗಲೇ ಹಾವನ್ನು ತಂದು ಇಟ್ಟುಕೊಂಡವನು, ಇದನ್ನೆಲ್ಲ ಯೋಚಿಸಿ ಮನಸ್ಸು ತಿರುಗಿದವನು ಏನು ಮಾಡಬೇಕು? ಮೊದಲು ಮನಸ್ಸಿಗೆ ಬರುವುದು ಬಿಟ್ಟುಬಿಡುವ ಆಲೋಚನೆ. ನಾಲೆಯ ದಡದಲ್ಲೋ ಕಾಡಂಚಿನಲ್ಲೋ ಬಿಟ್ಟರೆ ಪಾಪ ಕಳೆಯಿತೆಂಬ ಎಣಿಕೆ. ಅದು ಅತ್ಯಂತ ಕೆಟ್ಟ ದಾರಿ. ಪೆಟ್ಟಿಗೆಯಲ್ಲಿ ಹುಟ್ಟಿ ಬೆಳೆದ ಆಫ್ರಿಕದ ಹಾವು ಇಲ್ಲಿನ ಬಯಲಿನಲ್ಲಿ ಸಾಯಬಹುದು, ಅಥವಾ ಹೊಸ ರೋಗಗಳನ್ನು ಇಲ್ಲಿನ ಹಾವುಗಳಿಗೆ ಹಂಚಬಹುದು. ಅಮೆರಿಕದ ಫ್ಲೋರಿಡಾದಲ್ಲಿ ಸಾಕಣೆಯಿಂದ ಹೊರಬಿದ್ದ ಬರ್ಮಾದ ಹೆಬ್ಬಾವುಗಳು ಎವರ್‌ಗ್ಲೇಡ್ಸ್‌ನ ಜೌಗಿನಲ್ಲಿ ಬೇರೂರಿ, ಅಲ್ಲಿನ ಸಣ್ಣ ಸಸ್ತನಿಗಳನ್ನು ಬಹುಮಟ್ಟಿಗೆ ಬರಿದುಮಾಡಿವೆ. ಒಬ್ಬನ ಪಶ್ಚಾತ್ತಾಪಕ್ಕೆ ಒಂದು ಕಾಡು ಬೆಲೆ ತೆರಬಾರದು. ಇನ್ನೊಬ್ಬರಿಗೆ ಮಾರಿ ಕೈತೊಳೆದುಕೊಳ್ಳುವುದೂ ಸಲ್ಲದು, ಅದು ಕೃತವನ್ನು ಕಾರಿತವಾಗಿ ಬದಲಾಯಿಸುವುದಷ್ಟೇ.

ನೋಂದಣಿ ಆಗಿಲ್ಲದಿದ್ದರೆ ಅರಣ್ಯ ಇಲಾಖೆಯ ಮುಂದೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಬೇಕು. ಅವರು ಒಪ್ಪಿಸಿಕೊಂಡರೆ ಒಪ್ಪಿಸಬೇಕು. ಒಪ್ಪಿಸಿಕೊಳ್ಳುವವರಿಲ್ಲದಿದ್ದರೆ ಹಾವನ್ನು ಅದರ ಆಯುಷ್ಯ ಇರುವವರೆಗೆ ಸಾಕಬೇಕು. ಎರಡನೆಯದನ್ನು ತರಬಾರದು, ಮರಿ ಮಾಡಿಸಬಾರದು, ಹಾವನ್ನು ತೋರಿಸಿ ಇನ್ನೊಬ್ಬ ಹುಡುಗನಲ್ಲಿ ಆಸೆ ಹುಟ್ಟಿಸಬಾರದು. ಜೀವಂತ ಇಲಿಯನ್ನು ಒಳಗೆ ಬಿಡಲೇಬಾರದು. ಊಟವನ್ನು ಹಾವಿನ ಮೈಗೆ ಬೇಕಾದಷ್ಟಕ್ಕೆ ನಿಲ್ಲಿಸಬೇಕು. ಬೆಳೆದ ಬಾಲ್ ಪೈಥಾನ್ ತಿಂಗಳುಗಟ್ಟಲೆ ತಾನಾಗಿಯೇ ಉಪವಾಸವಿರುವ ಜಾತಿ, ಬೊಜ್ಜು ಬರುವಷ್ಟು ಉಣಿಸುವುದು ಸಾಕುವವರ ಚಪಲವೇ ಹೊರತು ಹಾವಿನ ಅಗತ್ಯವಲ್ಲ. ಹಾಗೆ ಕೊಡುವ ಪ್ರತಿ ಇಲಿಯೂ ಸಂಜೆಯ ಪ್ರತಿಕ್ರಮಣದಲ್ಲಿ ಹೆಸರಿಲ್ಲದೆ ಸೇರಿಹೋಗದಂತೆ, ಇಂದು ಒಂದು ಎಂದು ಆಲೋಚನೆಯಲ್ಲಿ ಎಣಿಸಿ ಹೇಳಿಕೊಳ್ಳಬೇಕು. ಹದಿನೈದು ದಿನ ಕಳೆದು ಮತ್ತೊಂದು.